ಬಾವಿಗೊಂದು ಹೆಪ್ಪು

ಹುಳದ ಕೆಲಸಕ್ಕೆ ಬಿದ್ದವನಿಗೆ ನಗೆಯ ಪ್ರಸಂಗಗಳಿಗೆ ಕೊರತೆ ಇಲ್ಲ. ನಗು ಬರುವುದು ಮಾತ್ರ ಕಡಿಮೆ. ಎಪ್ಪತ್ತರ ದಶಕದಲ್ಲಿ ವಿಜಾಪುರದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಕೀಟನಾಶಕವನ್ನು ತನ್ನ ಕಿಣ್ವದಿಂದ ಒಡೆದುಹಾಕುವ ಬ್ಯಾಕ್ಟೀರಿಯಾ ಹುಡುಕುವ ಹುಚ್ಚು ನನಗೆ.

೧. ಆಡು ಸತ್ತು, ಹುಳ ಉಳಿದು

ನಿಡೋಣಿಯಲ್ಲಿ ಯಾರೋ ಪುಣ್ಯಾತ್ಮರು ಬೆಳೆಗೆ ಹೊಡೆಯುವ ಔಷಧದ ಡಬ್ಬಿಗಳನ್ನು ಬಾವಿಯ ದಂಡೆಯಲ್ಲೇ ತೊಳೆದಿದ್ದರು. ಆ ನೀರು ಕುಡಿದು ಒಬ್ಬ ಮುದುಕಿಯ ಆಡುಗಳು ಸತ್ತವು. ಅಂದಿನಿಂದ ಆಕೆ ಊರಾಚೆಯಿಂದ ನೀರು ಹೊರುತ್ತಿದ್ದಳು. ನಾನು ದಂಡೆಯ ಮಣ್ಣು ಕೆರೆಯುವುದನ್ನು ನೋಡಿ ನಿಂತಳು.

"ಏನ್ ಮಾಡಾಕತ್ತಿ ಯಪ್ಪಾ?"

"ಇದರಾಗ ಕಣ್ಣಿಗಿ ಕಾಣದ ಹುಳ ಅದಾವ ಆಯಿ. ಹಾಲಿಗಿ ಹೆಪ್ಪು ಹಾಕಿದಂಗ, ವಿಷಕ್ಕ ಹಾಕಿದ್ರ ವಿಷಾನ ಮುರಿತಾವ. ಬೆಳೆಸಿ ತಂದು ನಿನ್ನ ಬಾವಿಗಿ ಬಿಡ್ತೇನಿ."

"ನನ್ನ ಆಡು ಸತ್ತಾವ, ಹುಳಾ ಬದಕ್ಯಾವ? ಹಂಗಾರ ಹಾಲಿಗಿ ಇನ್ನ ಹುಳಾನ ಹಿಂಡಬೇಕು ಬಿಡು."

೨. ಅಸಲಿ ಮಾಲು

ಆ ಹುಳ ಬೆಳೆಯಬೇಕಾದರೆ ಅದಕ್ಕೆ ಅದೇ ವಿಷ ಉಣಿಸಬೇಕು. ತಿಕೋಟಾದ ಔಷಧದ ಅಂಗಡಿಗೆ ಹೋದೆ.

"ಯಾವ ಹುಳಾ ಸಾಯಬೇಕ್ರಿ ಮಾಸ್ತರ?"

"ಸಾಯೂದಲ್ರಿ, ಹುಳಾ ಬೆಳೀಬೇಕು."

ಅಂಗಡಿಯವರ ಮುಖ ಸಣ್ಣದಾಯಿತು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು: "ನಿಮಗ ಯಾರ ಹೇಳಿದ್ರು? ಬೆಳೆಸೂದ ಆದ್ರ ಆ ಮೂಲ್ಯಾಗಿನ ಡಬ್ಬಿ ಒಯ್ರಿ. ಅದರಾಗ ಅರ್ಧ ನೀರ ಐತಿ."

೩. ತಪಾಸಣೆ

ಹುಳ ಬೆಳೆದವು. ಅವು ಕೆಲಸ ಮಾಡಿದ ವಿಷದ ನೀರಿಗೆ ಸೊಳ್ಳೆಮರಿ ಬಿಟ್ಟರೆ, ಸಾಯದೆ ಈಜಾಡಿದವು. ಸೊಳ್ಳೆ ಬದುಕಿದ್ದಕ್ಕೆ ಅಷ್ಟು ಸಂತೋಷಪಟ್ಟ ಮನುಷ್ಯ ಆ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಅಷ್ಟರಲ್ಲಿ ಕಾಲೇಜಿಗೆ ತಪಾಸಣೆಯವರು ಬರುತ್ತಾರೆಂದಾಯಿತು. ನಾನು ಪಾಠ ಮುಗಿಸಿ ಬರುವಷ್ಟರಲ್ಲಿ ನನ್ನ ಬಾಟಲಿಗಳನ್ನೆಲ್ಲ ಫಿನಾಯಿಲ್ ಹಾಕಿ ತೊಳೆದು ಬೋರಲು ಇಟ್ಟಿದ್ದರು. ಪ್ರಾಚಾರ್ಯರ ಬಳಿ ಓಡಿದೆ.

"ಸರ್, ಅದರಾಗ ಹುಳಾ ಇದ್ದುವಲ್ರಿ!"

"ಗೊತ್ತೈತ್ರಿ. ಅದಕ್ಕ ತೊಳಿಸೇನಿ," ಎಂದು ಪ್ರೀತಿಯಿಂದ ಬೆನ್ನು ತಟ್ಟಿದರು. "ಚಿಂತಿ ಮಾಡಬ್ಯಾಡ್ರಿ, ಹುಳಾ ಬಿದ್ದಿದ್ದು ನಿಮ್ಮ ಬಾಟಲಿಗಂತ ಯಾರಿಗೂ ಹೇಳೂದಿಲ್ಲ."

೪. ಇನ್ನೊಂದು ಹುಳ

ಮತ್ತೆ ಮಣ್ಣು ತರಲು ನಿಡೋಣಿಗೆ ಹೋದರೆ ದಂಡೆಗೆ ಸಿಮೆಂಟು ಬಡಿದಿದ್ದರು. 'ಇಲ್ಲಿ ಡಬ್ಬಿ ತೊಳೆಯಬಾರದು' ಎಂಬ ಹಲಗೆ ನೆಟ್ಟಿದ್ದರು. ಅದರ ನೆರಳಲ್ಲಿ ತೊಳೆದ ಡಬ್ಬಿಗಳು ಆರುತ್ತಿದ್ದವು. ಕೆರೆಯಲು ಹಿಡಿ ಮಣ್ಣೂ ಇರಲಿಲ್ಲ.

ಮುದುಕಿ ದೂರದಿಂದ ತುಂಬಿದ ಕೊಡ ಹೊತ್ತು ಬಂದಳು. "ಹೆಪ್ಪು ತಂದಿಯೇನಪ್ಪಾ?"

ನಡೆದದ್ದು ಹೇಳಿದೆ. ಕೊಡ ಇಳಿಸದೆಯೇ ಕೇಳಿಸಿಕೊಂಡಳು.

"ಹಂಗಾರ ಮೊದಲ ಫಿನಾಯಿಲ್ ತಿನ್ನೂ ಹುಳಾ ಹುಡುಕು. ಅದಕಿಂತ ಮೊದಲ ನಿಮ್ಮ ಸಾಹೇಬನ್ನ ತಿನ್ನೂ ಹುಳಾ ಹುಡುಕು."

ನಾನು ನಕ್ಕೆ. ಆಕೆ ನಗಲಿಲ್ಲ, ನಕ್ಕರೆ ನೀರು ತುಳುಕುತ್ತದೆ. ಬಾವಿ ದಾಟಿ ಮುಂದೆ ಹೋದವಳು ತಿರುಗಿ ನಿಂತಳು.

"ಜ್ವಾಕಿ ಯಪ್ಪಾ. ಅಂವನ್ನ ತಿಂದ್ರ ಹುಳಾನ ಸತ್ತೀತು."