ಇಪ್ಪತ್ತೆಂಟು ಇಂಚಿನ ಗಣಿತ

ಜಗತ್ತಿನಲ್ಲಿ ಲೆಕ್ಕ ಹಾಕಿ ತೀರ್ಮಾನಿಸಲಾಗದ ವಿಷಯ ಒಂದೂ ಇಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಆಂಧ್ರದ ಗಡಿಯ ಆಲೂರಿನಲ್ಲಿ ಹನ್ನೊಂದು ವರ್ಷ ಗಣಿತ ಪಾಠ ಹೇಳಿದವನು ನಾನು. ಮಗ್ಗಿ ತಪ್ಪಿದವರನ್ನು ಕ್ಷಮಿಸಿದ್ದೇನೆ, ಆದರೆ ಶೇಷ ಉಳಿಯುವ ಭಾಗಾಕಾರವನ್ನು ಎಂದೂ ಕ್ಷಮಿಸಿದವನಲ್ಲ. ಆದ್ದರಿಂದ ನನ್ನ ಹೆಂಡತಿ ಗಿರಿಜಾಳಿಗೆ ಸೈಕಲ್ ಕೊಳ್ಳುವ ಪ್ರಸಂಗ ಬಂದಾಗ, ಗಾಲಿಯ ಅಳತೆ ಆರಿಸುವ ಅಧಿಕಾರ ಸಹಜವಾಗಿಯೇ ನನ್ನದು ಎಂದುಕೊಂಡೆ. ನನಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಅದು ಬೇರೆ ಮಾತು!

ಇದು ಎಂಬತ್ತರ ಆಸುಪಾಸಿನ ಸಂಗತಿ. ಆರು ವರ್ಷ ಕಾದ ಮೇಲೆ ಗಿರಿಜಾಳಿಗೆ ನಾಲ್ಕು ಮೈಲಿ ದೂರದ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಸೋಮವಾರ ಬೆಳಿಗ್ಗೆ ಹತ್ತರ ಗಂಟೆ ಹೊಡೆಯುವುದರೊಳಗೆ ಹಾಜರಾಗಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ತಪ್ಪಿದರೆ ಕೆಲಸ ಪಟ್ಟಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ ಎಂದು ಆರ್ಡರಿನಲ್ಲಿ ಖಡಾಖಂಡಿತವಾಗಿ ಬರೆದಿತ್ತು. ಆ ಹಳ್ಳಿಗೆ ಬಸ್ಸಿರಲಿಲ್ಲ. ಹತ್ತಿ ಹೊಲಗಳ ನಡುವೆ ಒಂದು ಬಂಡಿದಾರಿ, ಅರ್ಧ ದಾರಿಯಲ್ಲಿ ಒಂದು ದಿಬ್ಬ, ಇಷ್ಟೇ.

"ಒಂದು ಸೈಕಲ್ ಕೊಡಸ್ರಿ, ಹೋಗಿ ಬರ್ತೀನಿ" ಎಂದಳು ಗಿರಿಜಾ. "ಬಳ್ಳಾರ್ಯಾಗ ನಮ್ಮಣ್ಣನ ಸೈಕಲ್ ಹೊಡದು ಮೊಣಕಾಲು ಒಡಕೊಂಡಾಕಿ ನಾನು. ಇಪ್ಪತ್ತಾರು ಇಂಚಿನ ಗಾಲಿ ಇದ್ರ ಸಾಕು. ಕುಂತ್ರ ಕಾಲು ನೆಲಕ್ಕ ಹತ್ತಬೇಕು. ಆದೋನಿಗೆ ನಾನೂ ಬರ್ತೀನಿ, ಹತ್ತಿ ನೋಡಿ ತರೋಣು."

"ಆದೋನಿ ಬಜಾರದಾಗ ನಿಂತು ಸೈಕಲ್ ಹತ್ತತೀಯೇನು? ನಾಲ್ಕು ಮಂದಿ ನೋಡಿದ್ರ ಏನಂದಾರು?"

"ಸೋಮವಾರದಿಂದ ದಿನಾ ಸೈಕಲ್ ಮ್ಯಾಲ ಹೋಗ್ತೀನಲ್ಲ, ಆಗ ಆ ನಾಲ್ಕು ಮಂದಿ ಕಣ್ಣು ಮುಚ್ಚಿಕೊಂಡಿರ್ತಾರೇನ್ರಿ?"

ಇದು ತರ್ಕಬದ್ಧವಾದ ಪ್ರಶ್ನೆಯೇ. ಆದರೆ ನಮ್ಮ ಕಡೆ ಗಂಡಸರು ಬಜಾರದ ವಿಷಯದಲ್ಲಿ ತರ್ಕಕ್ಕೆ ತಲೆಬಾಗುವುದಿಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ ಶುಭ್ರವಾದ ಧೋತರ ಉಟ್ಟು, ಜೇಬಿನಲ್ಲಿ ಕಾಗದ ಪೆನ್ಸಿಲ್ ಇಟ್ಟುಕೊಂಡು, ನಾನೊಬ್ಬನೇ ಆದೋನಿಯ ಬಸ್ಸು ಹತ್ತಿದೆ.

ಸೈಕಲ್ ಅಂಗಡಿಯ ಖಾಜಾಸಾಬ್ ಮೂವತ್ತು ವರ್ಷದಿಂದ ಅದೇ ಕೆಲಸದಲ್ಲಿದ್ದ ಮನುಷ್ಯ. ಹೆಣ್ಣುಮಕ್ಕಳು ಹತ್ತುವಂಥ, ಅಡ್ಡಕಂಬಿ ಇಲ್ಲದ ಸೈಕಲ್ ಒಂದನ್ನು ಹೊರಗೆ ತಂದು ನಿಲ್ಲಿಸಿದ. ಗಾಲಿ ಇಪ್ಪತ್ತಾರು ಇಂಚು.

"ಹತ್ತೋರು ಯಾರು ಸಾರ್?"

"ನಮ್ಮ ಮನಿಯವರು."

"ಅಮ್ಮಾವ್ರನ್ನ ಕರಕೊಂಡು ಬರ್ರಿ ಸಾರ್. ಪಕ್ಕಕ್ಕ ನಿಂತ್ರ ಸೀಟು ಸೊಂಟಕ್ಕ ಬರಬೇಕು. ಒಂದು ಮಿನಿಟಿನ ಕೆಲಸ."

"ಅವರು ಯಾಕ ಬರಬೇಕು? ಆಕಿ ನನ್ನ ಕಿವಿಮಟ ಬರ್ತಾಳ. ಉಳಿದದ್ದು ಲೆಕ್ಕ" ಎಂದು ನಾನು ಕಾಗದ ತೆಗೆದೆ.

ಓದುಗರೇ, ಆ ಲೆಕ್ಕದ ಸೌಂದರ್ಯವನ್ನು ನೀವೂ ಒಮ್ಮೆ ನೋಡಬೇಕು. ಇಪ್ಪತ್ತೆಂಟು ಇಂಚಿನ ಗಾಲಿಯ ಸುತ್ತಳತೆ ಸರಿಯಾಗಿ ಎಂಬತ್ತೆಂಟು ಇಂಚು. ನಾಲ್ಕು ಮೈಲಿಗೆ ಅದು ಎರಡು ಸಾವಿರದ ಎಂಟುನೂರ ಎಂಬತ್ತು ಸುತ್ತು ತಿರುಗುತ್ತದೆ. ಶೇಷ ಸೊನ್ನೆ! ಅದೇ ಇಪ್ಪತ್ತಾರು ಇಂಚಿನದಾದರೆ ಮೂರು ಸಾವಿರದ ನೂರಾ ಒಂದು ಸುತ್ತು, ಅದರ ಮೇಲೆ ಅರ್ಧಕ್ಕಿಂತ ಚೂರು ಹೆಚ್ಚು ಎಂಬ ಅಸಹ್ಯವಾದ ಭಿನ್ನರಾಶಿ ಬೇರೆ. ಒಂದು ಸಲ ಹೋಗುವುದರಲ್ಲಿಯೇ ನನ್ನ ಹೆಂಡತಿಗೆ ಇನ್ನೂರಕ್ಕೂ ಹೆಚ್ಚು ಸುತ್ತು ಉಳಿತಾಯ! ಯಾವ ಗಂಡ ತಾನೆ ಇಷ್ಟು ಕಾಳಜಿ ಮಾಡಿದ್ದಾನೆ?

ಖಾಜಾಸಾಬ್ ಕಾಗದವನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದ.

"ಲೆಕ್ಕ ಚಂದ ಐತಿ ಸಾರ್. ಆದ್ರ ಸೈಕಲ್ ಹೊಡಿಯೋದು ಕಾಲು."

"ಇಪ್ಪತ್ತೆಂಟರ ಗಾಲಿ ಹಾಕು."

"ಅದು ಗಂಡಸರ ಸೈಕಲ್ಲಿಗೆ ಬರೋದು ಸಾರ್. ಇದಕ್ಕ ಹಿಡಸಂಗಿಲ್ಲ."

"ಹಿಡಿಸಿದ್ರ ಹಿಡಸ್ತೈತಿ!"

ಖಾಜಾಸಾಬ್ ಒಮ್ಮೆ ಆಕಾಶ ನೋಡಿ ಕೆಲಸಕ್ಕೆ ಕೂತ. ಅರ ಹಿಡಿದು ಉಜ್ಜಿದ, ಸುತ್ತಿಗೆಯಿಂದ ಬಡಿದ, ಬ್ರೇಕಿನ ಕಂಬಿ ಬಗ್ಗಿಸಿದ, ದೇವರನ್ನು ನಾಲ್ಕಾರು ಸಲ ನೆನೆದ. ಕೊನೆಗೆ ದೊಡ್ಡ ಗಾಲಿಗಳೆರಡೂ ಒಳಗೆ ಕೂತವು. ಮಡ್‌ಗಾರ್ಡಿಗೂ ಟಯರಿಗೂ ನಡುವೆ ಉಳಿದದ್ದು ಅರ್ಧ ಬೆರಳು ಜಾಗ.

"ದಾರಿ ಕಪ್ಪು ಎರಿ ನೆಲ ಏನು ಸಾರ್? ಇಲ್ಲಿ ಮುಷ್ಟಿ ಜಾಗ ಬೇಕು. ಒಂದು ಮಳಿ ಬಿದ್ರ ಕೆಸರು ಸಿಕ್ಕೊಂಡು ಗಾಲಿ ನಿಲ್ತೈತಿ. ಮಡ್‌ಗಾರ್ಡಾದ್ರೂ ಬಿಚ್ಚಿಬಿಡ್ಲೇನು?"

"ಸೀರಿಗೆ ರಾಡಿ ಸಿಡದ್ರ ಯಾರು ಒಗೀಬೇಕು?" ಎಂದೆ. ನಮ್ಮ ಮನೆಯಲ್ಲಿ ನಾನು ಒಂದು ಕರವಸ್ತ್ರವನ್ನೂ ಒಗೆದವನಲ್ಲ. ಆದರೂ ಆ ಮಾತು ಗಂಭೀರವಾಗಿ ಕೇಳಿಸಿತು.

ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ವಿಜಯಶಾಲಿಯಾಗಿ ಆಲೂರಿಗೆ ಮರಳಿದೆ. ಜಗಲಿಕಟ್ಟೆಯ ಮೇಲೆ ಕೂತಿದ್ದ ಅವ್ವ ಮೊದಲು ನೋಡಿದಳು.

"ಏನಪಾ ಇದು, ಬಂಡಿ ಗಾಲಿ ತಂದೀಯೇನು?"

ಗಿರಿಜಾ ಹೊರಗೆ ಬಂದಳು. ಸೈಕಲ್ಲಿನ ಸ್ಟ್ಯಾಂಡು ಹಾಕಲು ನೋಡಿದಳು. ಅದು ನೆಲಕ್ಕೆ ಮುಟ್ಟಲಿಲ್ಲ. ಎತ್ತರದ ಗಾಲಿಯ ಪಕ್ಕದಲ್ಲಿ ಗಾಳಿಯಲ್ಲಿ ಜೋತಾಡಿತು. ಸೀಟನ್ನು ಇನ್ನೂ ಇಳಿಸಲು ಬರುತ್ತಿರಲಿಲ್ಲ. ಆಮೇಲೆ ಜಗಲಿಕಟ್ಟೆ ಏರಿ, ಅಲ್ಲಿಂದ ಸೀಟಿನ ಮೇಲೆ ಕೂತು, ಓಣಿಯಲ್ಲಿ ಒಂದು ಸುತ್ತು ಹಾಕಿ, ಮತ್ತೆ ಜಗಲಿಕಟ್ಟೆಯನ್ನೇ ಹಿಡಿದು ಇಳಿದಳು.

"ಹತ್ತಾಕೂ ಕಟ್ಟಿ ಬೇಕು, ಇಳಿಯಾಕೂ ಕಟ್ಟಿ ಬೇಕು. ದಾರ್ಯಾಗ ಕಟ್ಟಿ ಎಲ್ಲೈತ್ರಿ?"

"ದಾರ್ಯಾಗ ಯಾಕ ಇಳೀಬೇಕು?" ಎಂದೆ. ಉತ್ತರಿಸಲಾಗದ ಪ್ರಶ್ನೆ ಹಾಕಿದ ಸಮಾಧಾನ ನನಗೆ.

ಭಾನುವಾರ ಸಂಜೆ ಅರ್ಧ ಗಂಟೆ ಮಳೆ ಬಂತು. ಅರ್ಧ ಗಂಟೆಯ ಮಳೆ ಯಾವ ಲೆಕ್ಕ! ಸೋಮವಾರ ಎಂಟಕ್ಕೆಲ್ಲ ಗಿರಿಜಾ ಹಣೆಗೆ ವಿಭೂತಿ ಹಚ್ಚಿಕೊಂಡು, ಹೊಸ ಸೀರೆ ಉಟ್ಟು, ಆರ್ಡರನ್ನು ಚೀಲದಲ್ಲಿಟ್ಟುಕೊಂಡು ಹೊರಟಳು. ನಾನೂ ರಜೆ ಹಾಕಿ ಜೊತೆಗೆ ಹೊರಟೆ, ಕಾಲ್ನಡಿಗೆಯಲ್ಲಿ. ಹಿಂದಿನ ಗಾಲಿಯ ಕಡ್ಡಿಗೆ ಒಂದು ಕೆಂಪು ಚಿಂದಿ ಕಟ್ಟಿದ್ದೆ. ಅದು ಒಂದು ಸಲ ಮೇಲೆ ಬಂದರೆ ಒಂದು ಸುತ್ತು. ಸಿದ್ಧಾಂತವನ್ನು ಪ್ರಯೋಗದಿಂದ ಸಾಧಿಸದೆ ಬಿಡುವವನಲ್ಲ ನಾನು!

ಊರ ಹೊರಗಿನ ಗರಸು ಕಲ್ಲಿನ ಗಟ್ಟಿ ದಾರಿ ಸೊಗಸಾಗಿ ಸಾಗಿತು. ಅವಳು ನಿಧಾನವಾಗಿ ತುಳಿಯುತ್ತಿದ್ದಳು, ನಾನು ಏದುಸಿರು ಬಿಡುತ್ತ ಎಣಿಸುತ್ತಿದ್ದೆ. ಮುನ್ನೂರು, ನಾಲ್ಕುನೂರು. ಎರೆ ನೆಲ ಶುರುವಾಯಿತು. ಐದುನೂರು. ಐದುನೂರ ಹನ್ನೆರಡು.

ಐದುನೂರ ಹದಿಮೂರು ಬರಲೇ ಇಲ್ಲ.

ಎರೆ ಮಣ್ಣು ಟಯರಿಗೆ ಅಂಟಿ, ಮಡ್‌ಗಾರ್ಡಿನ ಒಳಗೆ ಹೊಕ್ಕು, ಆ ಅರ್ಧ ಬೆರಳು ಜಾಗವನ್ನು ತುಂಬಿ, ಗಾಲಿಯನ್ನು ಗೋಡೆಯಲ್ಲಿಟ್ಟು ಗಾರೆ ಮೆತ್ತಿದಂತೆ ಮಾಡಿಬಿಟ್ಟಿತು. ಸೈಕಲ್ ನಿಂತಿತು. ಗಿರಿಜಾಳ ಕಾಲು ನೆಲಕ್ಕೆ ಎಟುಕಲಿಲ್ಲ. ಸೈಕಲ್ ನನ್ನ ಕಡೆಗೆ ವಾಲಿತು. ಸುತ್ತ ಎಲ್ಲೂ ಕಟ್ಟೆ ಇರಲಿಲ್ಲ, ಆದ್ದರಿಂದ ನಾನೇ ಕಟ್ಟೆಯಾದೆ. ಅವಳು ಮೇಲೆ, ನಾನು ಕೆಳಗೆ, ನನ್ನ ಕೆಳಗೆ ಎರೆ ಮಣ್ಣು.

ಅವಳು ಎದ್ದು ಮೊದಲು ಆರ್ಡರ್ ನೋಡಿಕೊಂಡಳು. ಅದು ಒಣಗಿಯೇ ಇತ್ತು. ದಾರಿಬದಿಯ ಒಂದು ಕಡ್ಡಿಯಿಂದ ಮಣ್ಣು ಕೆದರಿದೆವು. ಹತ್ತು ಸುತ್ತು ತಿರುಗಿತು, ನಿಂತಿತು. ಮತ್ತೆ ಕೆದರಿದೆವು, ನಾಲ್ಕು ಸುತ್ತು. ಕೊನೆಗೆ ನಾನು ಸೈಕಲ್ಲನ್ನು ಹೆಗಲಿಗೇರಿಸಿದೆ. ಒಂದೊಂದು ಗಾಲಿಗೆ ಅರ್ಧ ಹೊಲವೇ ಅಂಟಿತ್ತು! ಗಿರಿಜಾ ಚಪ್ಪಲಿ ಕೈಯಲ್ಲಿ ಹಿಡಿದು ಮುಂದೆ ನಡೆದಳು. ದಿಬ್ಬದ ಬುಡಕ್ಕೆ ಬಂದಾಗ ನನ್ನ ಕೈಗಡಿಯಾರ ಒಂಬತ್ತೂವರೆ ತೋರಿಸಿತು. ಇನ್ನೂ ಎರಡು ಮೈಲಿ ಇತ್ತು.

ಅವಳು ಗಡಿಯಾರ ನೋಡಿ ನನ್ನ ಮುಖ ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು. "ಆರು ವರ್ಷ ಕಾದೀನ್ರಿ" ಎಂದಳು, ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಅಷ್ಟರಲ್ಲಿ ದಿಬ್ಬದ ಆ ಕಡೆಯಿಂದ ಒಬ್ಬ ರೈತ ಸೈಕಲ್ ಮೇಲೆ ಇಳಿದು ಬಂದ. ತುಕ್ಕು ಹಿಡಿದ ಸೈಕಲ್. ಮಡ್‌ಗಾರ್ಡಿಲ್ಲ, ಬೆಲ್ಲಿಲ್ಲ, ಗಾಲಿ ಸಣ್ಣವು. ಎರೆ ಮಣ್ಣು ಅಂಟುತ್ತಿತ್ತು, ಹಾಗೇ ಉದುರಿ ಬೀಳುತ್ತಿತ್ತು. ನನ್ನನ್ನು ಕಂಡು ತೆಲುಗಿನಲ್ಲೇ ಶುರುಮಾಡಿದ.

"ಏಮಿ ಸಾರೂ, ಸೈಕಿಲ್‌ನಿ ಮೋಸ್ತುನ್ನಾರು? ಸೈಕಲ್ಲನ್ನ ನೀವು ಹೊರೋದೇನು? ಸೈಕಲ್ ಮಂದಿನ್ನ ಹೊರಬೇಕಲ್ಲ?"

ನಾನು ಸುತ್ತಳತೆಯ ವಿವರಣೆಗೆ ಬಾಯಿ ತೆರೆಯುವಷ್ಟರಲ್ಲಿ ಗಿರಿಜಾ ಮುಂದೆ ಬಂದಳು.

"ಅಣ್ಣಾ, ನಾನು ಸಾಲಿಗೆ ಹೊಸ ಟೀಚರ್. ಗಂಟಿ ಹೊಡಿಯೋದರೊಳಗ ಹೋಗಲಿಲ್ಲಂದ್ರ ನೌಕರಿ ಹೋಗ್ತೈತಿ. ನಿನ್ನ ಸೈಕಲ್ ಸಂಜಿಮಟ ಕೊಡ್ತೀಯೇನು?"

"ಪಂತುಲಮ್ಮನಾ, ಟೀಚರಮ್ಮನಾ? ಅಯ್ಯೋ, ತಗೋಳವ್ವಾ! ನನ್ನ ಮಗಳೂ ಅದ ಸಾಲ್ಯಾಗ ಅದಾಳ" ಎಂದು ಆತ ಆ ಕ್ಷಣವೇ ಇಳಿದ.

ಗಿರಿಜಾ ಸೆರಗು ಬಿಗಿದಳು, ನೆರಿಗೆ ಎತ್ತಿ ಸಿಕ್ಕಿಸಿದಳು, ಒಂದು ಕಾಲು ನೆಲಕ್ಕೂರಿ ಹತ್ತಿದಳು. ಹತ್ತಿ ಬಿಡಿಸುತ್ತಿದ್ದ ಹೊಲವೆಲ್ಲ ತಲೆಯೆತ್ತಿ ನೋಡಿತು. ಯಾರೂ ಏನೂ ಅನ್ನಲಿಲ್ಲ. ಒಬ್ಬ ಮುದುಕಿ ಮಾತ್ರ "ಹೋಗು ಹೋಗು, ಜೋರಾಗಿ ಹೋಗವ್ವಾ!" ಎಂದು ಕೂಗಿದಳು. ನನ್ನ ಹೆಂಡತಿ ದಿಬ್ಬ ಏರಿ ಮರೆಯಾದಳು.

ನಾನು ಶಾಲೆ ಮುಟ್ಟಿದಾಗ ಹನ್ನೊಂದಾಗಿತ್ತು. ಹತ್ತಕ್ಕೆ ಐದು ನಿಮಿಷ ಇರುವಾಗಲೇ ಗಿರಿಜಾ ಸಹಿ ಹಾಕಿದ್ದಳು. ಮೂರನೆಯ ತರಗತಿಯಿಂದ ಅವಳ ದನಿ ಕೇಳಿಸುತ್ತಿತ್ತು. ಸೈಕಲ್ಲನ್ನು ಗೋಡೆಗೆ ಆನಿಸಿದೆ. ಅದು ಬಿತ್ತು. ಮತ್ತೆ ಆನಿಸಿದೆ. ಮತ್ತೆ ಬಿತ್ತು. ಕಡೆಗೆ ಅದರ ಪಕ್ಕದಲ್ಲೇ ನಾನೂ ನೆಲಕ್ಕೆ ಕೂತೆ.

ಆ ವಾರವೆಲ್ಲ ಅವಳು ನಡೆದೇ ಶಾಲೆಗೆ ಹೋದಳು. ಒಂದು ದಿನವೂ ಚುಚ್ಚಿ ಮಾತಾಡಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಭಾನುವಾರ ಬೆಳಿಗ್ಗೆ ಆದೋನಿಗೆ ಹೊರಟು ನಿಂತಳು.

"ನಾನೂ ಬರಲೇನು?" ಎಂದು ಮೆಲ್ಲಗೆ ಕೇಳಿದೆ.

"ಬರ್ರಿ. ಸೈಕಲ್ ಬಸ್ಸಿನ ಮ್ಯಾಲ ಏರ್ಸಾಕ ಒಬ್ಬರು ಬೇಕಲ್ಲ."

ಹೋದೆ. ಖಾಜಾಸಾಬ್ ಹತ್ತೇ ನಿಮಿಷದಲ್ಲಿ ದೊಡ್ಡ ಗಾಲಿ ಬಿಚ್ಚಿ, ಮೊದಲಿದ್ದ ಇಪ್ಪತ್ತಾರರ ಗಾಲಿಗಳನ್ನೇ ತೊಡಿಸಿದ. ಗಿರಿಜಾ ಪಕ್ಕಕ್ಕೆ ನಿಂತು ನೋಡಿದಳು. ಸೀಟು ಸೊಂಟಕ್ಕೆ ಬಂತು. ಕೂತು ನೋಡಿದಳು, ಕಾಲು ನೆಲಕ್ಕೆ ಹತ್ತಿತು. ನಾನು ಏನಾದರೂ ಹೇಳಬೇಕೆಂದು, ಗಂಟಲು ಸರಿಪಡಿಸಿಕೊಂಡು, ಹ್ಯಾಂಡಲ್ ಎತ್ತರದ ಬಗ್ಗೆ ಒಂದು ಅಭಿಪ್ರಾಯ ಆರಂಭಿಸಿದೆ.

ಖಾಜಾಸಾಬ್ ಬಹಳ ಮರ್ಯಾದೆಯಿಂದ ಕೈ ಮುಗಿದ.

"ಸಾರ್, ಸ್ವಲ್ಪ ಈ ಕಡೆ ಸರೀರಿ. ಅಮ್ಮಾವ್ರಿಗೆ ದಾರಿ ಬೇಕು."

ಸರಿದೆ.