ಮಾವನ ಕೋಟು ಉಸಿರಾಡಿದ ಸಂಜೆ

ನಮ್ಮ ಅಡುಗೆಮನೆಯಲ್ಲಿ ಇನ್ನೊಂದು ಪತಂಗ ಹಾರಿದರೆ ನನ್ನ ಹೆಸರೇ ಬದಲಿಸು ಎಂದು ಹೆಂಡತಿಯ ಮುಂದೆ ಎದೆ ತಟ್ಟಿ ಹೇಳಿದೆ. ಸುಮ್ಮನೆ ಕೊಚ್ಚಿಕೊಂಡದ್ದಲ್ಲ, ಧಾನ್ಯದ ಗೋದಾಮುಗಳಲ್ಲಿ ಹುಳ ಹಿಡಿಯುವುದೇ ನನ್ನ ಹೊಟ್ಟೆಪಾಡು!

"ಸಂಜೆ ಅಮ್ಮ ಬರ್ತಾಳೆ. ಹುಳ ಕಂಡ್ರೆ ಅವಳಿಗಾಗಲ್ಲ. ಒಂದು ಹಾರಿದ್ರೂ ಪೆಟ್ಟಿಗೆ ಎತ್ಕೊಂಡು ಅಣ್ಣನ ಮನೆಗೆ ಹೋಗ್ತಾಳೆ. ಅಪ್ಪ ಹೋದ್ಮೇಲೆ ಅವಳು ನನ್ನ ಹತ್ರಾನೇ ಇರ್ಲಿ ಅಂತ ನಂಗೆಷ್ಟು ಆಸೆ ಗೊತ್ತಾ?"

"ಗೊತ್ತು ಕಣೇ. ಎಲ್ಲಾ ನಂಗೆ ಬಿಡು."

ಅಮ್ಮನಿಗೆ ಹೊಸ ಜಾಗ ಅನ್ನಿಸದಿರಲೆಂದು ಹೆಂಡತಿ ಮಾವನ ಹಳೆಯ ಕೋಟನ್ನು ತಂದು ಅಡುಗೆಮನೆ ಪಕ್ಕದ ಕೋಣೆಯಲ್ಲಿ ಕಿಟಕಿ ಬಳಿಯ ಕುರ್ಚಿಗೆ ತೊಡಿಸಿಟ್ಟಿದ್ದಳು.

ನನ್ನ ಬ್ರಹ್ಮಾಸ್ತ್ರ ಒಂದು ಪುಟ್ಟ ರಬ್ಬರ್ ಬಿರಡೆ. ಹೆಣ್ಣು ಪತಂಗ ಗಂಡನ್ನು ಕರೆಯಲು ಬಿಡುವ ವಾಸನೆ ಅದರಲ್ಲಿರುತ್ತದೆ. ನಮ್ಮ ಮೂಗಿಗೆ ಏನೂ ತಿಳಿಯದು. ಗಂಡು ಪತಂಗ ಮಾತ್ರ ಮದುವೆಯ ಆಸೆಯಿಂದ ಹಾರಿ ಬಂದು ಅಂಟುಹಲಗೆಗೆ ಸಿಕ್ಕಿಬೀಳುತ್ತದೆ. ಬಿರಡೆಯನ್ನು ಬರಿಗೈಲಿ ಮುಟ್ಟಬಾರದು ಎಂದು ಹೊಸಬರಿಗೆ ಪಾಠ ಹೇಳುವವನೂ ನಾನೇ. ಮನೆಯಲ್ಲಿ ನೋಡುವವರು ಯಾರು? ಬರಿಗೈಲೇ ಅದನ್ನು ಅಂಟುಹಲಗೆಗೆ ಒತ್ತಿ ಕೂರಿಸಿ, ಹಲಗೆಯನ್ನು ಅಡುಗೆಮನೆ ಬಾಗಿಲಿಗೆ ತಗುಲಿಸಿದೆ. ಆಮೇಲೆ ಅದೇ ಕೈಯಿಂದ, ಅಳಿಯನ ಭಕ್ತಿಯಿಂದ, ಮಾವನ ಕೋಟಿನ ಹೆಗಲು, ತೋಳು, ಕಾಲರು ಎಲ್ಲ ಸವರಿ ಸುಕ್ಕು ತೆಗೆದೆ. ಕಿಟಕಿ ತೆರೆದಿತ್ತು. ಪತಂಗಗಳ ತವರಾದ ಹಿಂದಿನ ಬೀದಿಯ ಹಿಟ್ಟಿನ ಗಿರಣಿ ನನಗೆ ನೆನಪಾಗಲಿಲ್ಲ.

ಸಂಜೆ ಅತ್ತೆ ಬಂದರು, ಪೆಟ್ಟಿಗೆ ಬಾಗಿಲ ಬಳಿ ಇಟ್ಟು ಕೈಕಾಲು ತೊಳೆಯಲು ಹೋದರು. ದೀಪ ಹಾಕಲೆಂದು ಕೋಣೆಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟೆ. ಮಬ್ಬುಗತ್ತಲಲ್ಲಿ ಕುರ್ಚಿಯ ಮೇಲೆ ಯಾರೋ ಕೂತಿದ್ದರು. ಕೋಟಿನ ಹೆಗಲು ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು. ತೋಳು ನಡುಗಿತು. ಒಣ ಕಾಗದ ಸವರಿದಂಥ ಸದ್ದು. ನನ್ನ ಅಂಟುಹಲಗೆ ಖಾಲಿಯಿತ್ತು, ಕೋಟಿನ ತುಂಬ ಬೂದು ರೆಕ್ಕೆಗಳು. ನನ್ನ ಕೈಗೆ ಹತ್ತಿದ ವಾಸನೆಯೇ ಕಾರಣ ಎಂದು ಗೊತ್ತಿದ್ದೂ ನನಗೆ ಭಯವಾಯಿತು.

"ಏನ್ರೀ ಮಾಡಿದ್ರಿ?" ಹಿಂದಿನಿಂದ ಹೆಂಡತಿ ಪಿಸುಗುಟ್ಟಿದಳು.

"ಕೋಟಿನ ಸುಕ್ಕು ತೆಗೆದೆ, ಅಷ್ಟೇ."

"ಹುಳ ಓಡ್ಸಿ ಅಂದ್ರೆ ಅಪ್ಪನ್ನೇ ಕರೆಸಿದ್ದೀರಲ್ಲ!"

ಕೋಟು ಎತ್ತಲು ಕೈ ಚಾಚಿದೆ. ಅರ್ಧದಷ್ಟು ಪತಂಗಗಳು ನನ್ನ ಕೈಗೇ ಬಂದು ಕೂತವು. ಅಷ್ಟರಲ್ಲಿ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಹೆಂಡತಿ ಪೆಟ್ಟಿಗೆಯತ್ತ ನೋಡಿದಳು, ಅವಳ ಕಣ್ಣು ತುಂಬಿತ್ತು.

ಅತ್ತೆ ನಿಧಾನವಾಗಿ ಬಂದು ಕುರ್ಚಿಯ ಎದುರು ಕೂತರು. "ಬದುಕಿದ್ದಾಗ ಒಂದು ಸಂಜೆಯಾದ್ರೂ ಹೀಗೆ ಮನೇಲಿ ಕೂತಿದ್ರಾ ನೀವು?" ಎಂದು ಕೋಟನ್ನು ಕೇಳಿದರು.

ಕೋಟು ಒಮ್ಮೆ ಅಲುಗಿ ಸುಮ್ಮನಾಯಿತು.

"ಅತ್ತೆ, ಅದು ಬರೀ ಪತಂಗ..."

"ನಂಗೂ ಕಣ್ಣು ಕಾಣ್ಸುತ್ತೆ ಅಳಿಯಂದ್ರೇ. ಆದ್ರೂ ಇರ್ಲಿ. ಅವರೂ ಬೈದ್ರೆ ಹೀಗೇ ಸುಮ್ಮನಾಗ್ತಿದ್ರು. ಪೆಟ್ಟಿಗೆ ಒಳಗಿಡಿ."

ಅತ್ತೆ ನಮ್ಮಲ್ಲೇ ಉಳಿದರು. ಹೆಂಡತಿಯ ಮುಖ ಅರಳಿದೆ. ನಾನು ಹಗಲೆಲ್ಲ ಗೋದಾಮಿನಲ್ಲಿ ಪತಂಗ ಹಿಡಿದು, ಸಂಜೆ ಮನೆಗೆ ಬಂದು ಕೋಟಿಗೆ ವಾಸನೆ ಸವರುತ್ತೇನೆ. ಮಾತು ಕೊಟ್ಟಿದ್ದಂತೆ ಹೆಸರೂ ಬದಲಾಗಿ ನಾನೀಗ 'ಹುಳ ಸಾಕೋರು'. ನಿನ್ನೆ ಬರುವುದು ಸ್ವಲ್ಪ ತಡವಾಯಿತು. ಒಳಗಿನಿಂದ ಅತ್ತೆಯ ದನಿ ಕೇಳಿಸಿತು:

"ನಿನ್ನ ಗಂಡ ಬಂದ್ರೇನೇ? ಬೇಗ ಕೋಟಿಗೆ ಕೈ ಸವರೋಕೆ ಹೇಳು. ನಿಮ್ಮಪ್ಪ ಬರೋ ಹೊತ್ತಾಯ್ತು."