ಕಾಕಾನ ತಕ್ಕಡಿ, ಕಾಕಿಯ ಪಾವು

ನಮ್ಮ ಕಾಕಾ ಎಂಥವರೆಂದರೆ, ದೇವರು ಪ್ರತ್ಯಕ್ಷನಾದರೂ ಮೊದಲು ತೂಗಿ ನೋಡಿ, ಆಮೇಲೆ ಕೈಮುಗಿಯುವವರು! ಬೈಲಹೊಂಗಲದ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಶೇಂಗಾ ಚೀಲ ತೂಗಿದ ಕೈ ಅದು. ಒಮ್ಮೆ ಮುರಗೋಡದಲ್ಲಿ ಬೀಗರ ಮನೆ ಊಟಕ್ಕೆ ಕೂತವರು, ಬಡಿಸಿದ ಹೋಳಿಗೆಯನ್ನು ಅಂಗೈ ಮೇಲಿಟ್ಟು ತೂಗಿ, "ಬಾಜೂದವರ ಹೋಳಿಗಿಗಿಂತ ಇದು ಹತ್ತ ಗ್ರಾಂ ಕಮ್ಮಿ ಐತಿ" ಎಂದುಬಿಟ್ಟರು. ಬೀಗರ ಮುಖ ನೋಡಬೇಕಿತ್ತು! ಕಾಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದರು.

ಆದರೆ ತಮ್ಮ ಅಡುಗೆಮನೆಗೆ ಮಾತ್ರ ಕಾಕಿ ತಕ್ಕಡಿಯನ್ನು ಬಿಟ್ಟುಕೊಳ್ಳಲಿಲ್ಲ. ಹಿತ್ತಾಳೆಯ ಪಾವಿನಲ್ಲಿ ಅಳೆದರೆ ಮುಗಿಯಿತು. "ನಿಮ್ಮ ತೂಕ ಪ್ಯಾಟ್ಯಾಗ ಇಟ್ಟ ಬರ್ರಿ" ಎನ್ನುತ್ತಿದ್ದರು.

ಹೋದ ವರ್ಷ ಲಕವಾ ಹೊಡೆದು ಕಾಕಿಯ ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ಊಟ ಎರಡು ತುತ್ತಿಗೆ ಇಳಿಯಿತು. ಪಕ್ಕದ ಓಣಿಯಿಂದ ದಿನಾ ಹೋಗಿಬರುವ ನನಗೆ ಆ ಮನೆಯ ಮೌನಕ್ಕೆ ಹೆದರಿಕೆಯಾಗುತ್ತಿತ್ತು. ಏನು ತಿನ್ನುತ್ತೀರಿ ಎಂದು ಕೇಳಿದರೆ ಕಾಕಿ ಒಂದೇ ಮಾತು ಹೇಳಿದರು: "ಶೇಂಗಾ ಹೋಳಿಗಿ. ನಾ ಮಾಡತಿದ್ನಲ್ಲಾ, ಅಂಥಾದ್ದು."

ಮರುದಿನವೇ ಕಾಕಾ ಅಡುಗೆಮನೆಯಲ್ಲಿ ತೂಗಲು ಎಲೆಕ್ಟ್ರಾನಿಕ್ ಕಾಟಾ ತಂದರು! ಕಾಕಿಯ ಲೆಕ್ಕ ಸರಳ: ಶೇಂಗಾ ಒಂದು ಪಾವು, ಬೆಲ್ಲ ಒಂದು ಪಾವು. ಕಾಕಾ ಎರಡನ್ನೂ ಸಮ ತೂಗಿ, ತಾವೇ ಹೋಳಿಗೆ ಮಾಡಿ ಕಾಕಿಗೆ ತಿನ್ನಿಸಿದರು.

"ಸಪ್ಪಗ ಆಗ್ಯಾವ್ರಿ."

"ಗ್ರಾಂ ಗ್ರಾಂ ಸಮ ಹಾಕೇನಲ್ಲ!"

ಪಾವಿನಲ್ಲಿ ಸಮವಾದದ್ದು ಕಾಟಾದ ಮೇಲೆ ಸಮವಾಗುತ್ತದೆಯೇ? ಕುಟ್ಟಿದ ಬೆಲ್ಲ ಒತ್ತಿ ಕೂರುತ್ತದೆ, ಶೇಂಗಾ ನಡುವೆ ಸಂದು ಉಳಿಯುತ್ತದೆ. ತಿಳಿದ ಮೇಲೆ ಕಾಕಾ ಹಸಿ ಶೇಂಗಾ ಪಾವಿಗೆ ಎಷ್ಟು, ಹುರಿದದ್ದು ಎಷ್ಟು, ಸಿಪ್ಪೆ ಉಜ್ಜಿದ್ದು ಎಷ್ಟು ಎಂದು ಗೋಡೆ ತುಂಬಾ ಸೀಮೆಸುಣ್ಣದಲ್ಲಿ ಬರೆದರು. ಆ ಲೆಕ್ಕದ ಹೋಳಿಗೆ ತಿಂದೂ ಕಾಕಿ ಸರಿಯಿಲ್ಲವೆಂದು ತಲೆ ಅಲ್ಲಾಡಿಸಿದರು.

"ಹಂಗಾರ ನೀನ ಅಳದ ತೋರಿಸು" ಎಂದು ಕಾಕಾ ಶೇಂಗಾದ ಡಬ್ಬಿ, ಪಾವು ತಂದು ಮಂಚದ ಮೇಲಿಟ್ಟರು. ಕಾಕಿ ಎಡಗೈಯಿಂದ ಒಂದು ಪಾವು ಅಳೆದರು. ಅಳೆದು, ಅದರಿಂದ ಒಂದು ಹಿಡಿ ತೆಗೆದು ಡಬ್ಬಿಗೇ ವಾಪಸು ಹಾಕಿದರು!

"ಇದೇನ ಮಾಡಿದಿ?"

"ಡಬ್ಬಿ ಬರಿದಾಗಬಾರದರಿ. ನಮ್ಮವ್ವನೂ ಹಿಂಗ ಹಾಕತಿದ್ಲು."

"ಇಷ್ಟ ವರ್ಷ ಹೇಳಲಿಲ್ಲಲ್ಲ!"

"ನೀವ ಯಾವಾಗ ಕೇಳಿದ್ರಿ?"

ಅಡುಗೆ ಮಾಡುತ್ತಿದ್ದದ್ದು ಬಲಗೈಯಲ್ಲವೇ? ಎಡಗೈ ಹಿಡಿ ಕಾಕಾನಿಗೆ ಒಪ್ಪಿಗೆಯಾಗಲಿಲ್ಲ. ಕಾಕಿಯ ಬಲಗೈಯ ಮರಗಟ್ಟಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಶೇಂಗಾ ತುಂಬಿ, ಮುಚ್ಚಿ, ಆಮೇಲೆ ಕಾಟಾಕ್ಕೆ ಸುರಿದರು. ಮೂವತ್ತೊಂದು ಗ್ರಾಂ. ನಾನು ಮುಖ ಆಚೆ ತಿರುಗಿಸಿಕೊಂಡೆ.

ಆ ಸಲದ ಹೋಳಿಗೆ ತಿಂದು ನಾನು ಬೆರಗಾದೆ. ಅದು ಕಾಕಿಯ ಕೈರುಚಿಯೇ! ಕಾಕಿ ಮಾತ್ರ, "ಇನ್ನೂ ಏನೋ ಕಮ್ಮಿ ಐತಿ" ಎಂದರು. ಕಾಕಾ ಮತ್ತೆ ಒಲೆಯ ಕಡೆ ನಡೆದರು. ನನಗೆ ಸಿಟ್ಟೇ ಬಂತು.

"ಇನ್ನೇನ ಕಮ್ಮಿ ಐತ್ರಿ ಕಾಕಿ?"

ಅವರು ದನಿ ತಗ್ಗಿಸಿದರು. "ಯಾರಿಗ್ಗೊತ್ತ ತಂಗಿ? ಲಕವಾ ಹೊಡದಾಗಿಂದ ನನ್ನ ಬಾಯಿಗಿ ಬೆಲ್ಲಾನೂ ಮಣ್ಣ, ಉಪ್ಪೂ ಮಣ್ಣ."

"ಮತ್ತ ಹೋಳಿಗಿ ಯಾಕ ಕೇಳಿದ್ರಿ?"

"ದವಾಖಾನಿಯಿಂದ ಬಂದಾಗಿಂದ ನಿಮ್ಮ ಕಾಕಾ ರಾತ್ರೆಲ್ಲಾ ನನ್ನ ಕಾಲಕಡೆ ಕುಂತ ಬರೇ ಅಳತಿದ್ರು. ತೂಗಾಕ ಏನರೆ ಕೊಟ್ರ ಅಳೂದು ಬಿಡತಾರ ಅಂತ ಕೇಳಿದ್ನಿ."

ಅಷ್ಟರಲ್ಲಿ ಕಾಕಾ, ಕೈಯೆಲ್ಲ ಹಿಟ್ಟು ಮಾಡಿಕೊಂಡು ಬಾಗಿಲಲ್ಲಿ ಇಣುಕಿದರು.

"ಏನಂತಾಳ ನಿಮ್ಮ ಕಾಕಿ?"

"ಬೆಲ್ಲ ಎರಡ ಗ್ರಾಂ ಕಮ್ಮಿ ಆಗೇತಂತರಿ, ಕಾಕಾ" ಎಂದೆ.